ಮೂರು ಮೂಟೆ ಪುರಿಯ ಹರಕೆ

“ಈ ಅಮರನಾಥನಿಗೆ ತೂಕದ ಪಾಠ ಹೇಳೋನು ಇನ್ನೂ ಹುಟ್ಟಿಲ್ಲ!”

ಮಾಲೂರಿನ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುವ ಅಮರನಾಥ್ ಎದೆ ತಟ್ಟಿಕೊಂಡ. ಎದುರಿಗೆ ಮಗಳು ಮೇಘನ. ಅವಳ ವಿಜ್ಞಾನ ಪುಸ್ತಕದಲ್ಲಿ ದ್ರವ್ಯರಾಶಿ, ಗಾತ್ರ, ತೂಕ ಎಂಬ ಮೂವರು ಮಹಾನುಭಾವರು.

“ವಸ್ತುವಿನಲ್ಲಿರೋ ಸರಕು ದ್ರವ್ಯರಾಶಿ. ಅದು ಹಿಡಿಯೋ ಜಾಗ ಗಾತ್ರ. ಭೂಮಿ ಅದನ್ನ ಎಳೆಯೋ ಬಲ ತೂಕ. ಚಂದ್ರನ ಮೇಲೆ ಹೋದ್ರೆ ತೂಕ ಆರರಲ್ಲೊಂದು ಪಾಲು!”

“ಹಂಗಾದ್ರೆ ನನ್ನ ತುಲಾಭಾರ ಅಲ್ಲೇ ಇಟ್ಕೊಳ್ರೀ!” ಅಡುಗೆಮನೆಯಿಂದ ಹೆಂಡತಿ ಸುನಂದ ಕೂಗಿದಳು.

ತುಲಾಭಾರದ ಹರಕೆ ಹೊತ್ತವನು ಅಮರನಾಥನೇ. ಹಿಂದಿನ ತಿಂಗಳು ಸುನಂದ ಡೆಂಗೀ ಜ್ವರದಿಂದ ಆಸ್ಪತ್ರೆ ಸೇರಿದಾಗ ಅವನ ಜೀವ ಬಾಯಿಗೆ ಬಂದಿತ್ತು. “ಆಂಜನೇಯಾ, ಇವಳು ಎದ್ದು ಬಂದ್ರೆ ಇವಳ ತೂಕದಷ್ಟು ಪ್ರಸಾದ ಒಪ್ಪಿಸ್ತೀನಿ” ಎಂದು ವರಾಂಡದಲ್ಲೇ ಕೈಮುಗಿದಿದ್ದ. ಸುನಂದ ಎದ್ದು ಬಂದಳು. ಈಗ ನಾಲ್ಕು ಜನರ ಮುಂದೆ ತಕ್ಕಡಿಯಲ್ಲಿ ಕೂರಬೇಕೆಂದರೆ ಅವಳಿಗೆ ಮತ್ತೆ ಜ್ವರ ಬಂದಂತಾಗುತ್ತಿತ್ತು.

“ಬೆಲ್ಲ ತೂಗಿಸೋಣ್ವಾ?” ಎಂದಳು.

“ಬೆಲ್ಲ ಭಾರ ಕಣೇ, ಹೊರೋರ್ಯಾರು? ಕಡಲೆಪುರಿ ತೂಗೋಣ, ಹಗುರ! ಅಕ್ಕಿ ಚೀಲ ಇಪ್ಪತ್ತೈದು ಕೆಜಿ ಹಿಡಿಯುತ್ತೆ. ಅದಕ್ಕೇ ಪುರಿ ತುಂಬಿದ್ರೆ ಮೂರು ಮೂಟೆ ಸಾಕು!”

ಒಳಗೆ ಸೌಟಿನ ಸದ್ದು ನಿಂತಿತು. “ಮೂರು ಇಪ್ಪತ್ತೈದು ಎಷ್ಟ್ರೀ?”

“ಎಪ್ಪ... ಮಿಕ್ಕುತ್ತೆ ಬಿಡೇ! ಮಿಕ್ಕಿದ್ದು ಹಂಚಿದ್ರಾಯ್ತು!”

ಭಾನುವಾರ ದೇವರಾಯಸಮುದ್ರದ ಪಕ್ಕದ ಅತ್ತೆಯ ಊರಿನಲ್ಲಿ ಆಂಜನೇಯನ ಗುಡಿಯ ಮೆಟ್ಟಿಲನ್ನು ಅಮರನಾಥ್ ಏರಿದ ಗತ್ತೇನು! ಒಂದು ಕಂಕುಳಲ್ಲಿ ಒಂದು ಮೂಟೆ, ಇನ್ನೊಂದರಲ್ಲಿ ಒಂದು, ತಲೆಯ ಮೇಲೆ ಮೂರನೆಯದು. “ನೋಡ್ದಾ, ಎಷ್ಟು ಹಗುರ!” ಎಂದು ಹೆಂಡತಿಯತ್ತ ನಕ್ಕ. ಎಪ್ಪತ್ತೈದು ಕೆಜಿ ಹೊತ್ತವನಿಗೆ ಏದುಸಿರೂ ಬಂದಿಲ್ಲವಲ್ಲ ಎಂದು ಆ ಉಗ್ರಾಣದ ತಲೆಗೆ ಹೊಳೆಯಲೇ ಇಲ್ಲ.

ಸುನಂದ ಕಣ್ಣು ಮುಚ್ಚಿ ತಕ್ಕಡಿಯಲ್ಲಿ ಕೂತಳು. “ಕೂತ್ಮೇಲೆ ಆ ಕಡೆ ತಟ್ಟೆ ಕೆಳಗಿಳಿಯೋವರ್ಗೂ ಏಳ್ಬಾರ್ದಮ್ಮಾ, ಹರಕೆ ಕೆಡುತ್ತೆ” ಎಂದರು ಪೂಜಾರಪ್ಪ.

ಒಂದು ಮೂಟೆ ಇಟ್ಟರು. ತಟ್ಟೆ ಅಲುಗಲಿಲ್ಲ. ಎರಡನೆಯದು. ಊಹುಂ. ಮೂರನೆಯದೂ ಏರಿತು. ಸುನಂದಳ ತಟ್ಟೆ ನೆಲ ಕಚ್ಚಿಕೊಂಡೇ ಇತ್ತು.

“ಅಬ್ಬಬ್ಬಾ! ಮೂರು ಮೂಟೆಗೂ ಜಗ್ಗಲಿಲ್ವಲ್ಲಪ್ಪಾ ಈ ಯಮ್ಮ!” ಹಿಂದಿನಿಂದ ಯಾರೋ ಉದ್ಗರಿಸಿದರು.

ಸುನಂದ ಕಣ್ಣು ತೆರೆದಳು. ಆ ನೋಟ ಕಂಡದ್ದೇ ಅಮರನಾಥ್ ಮೆಟ್ಟಿಲಿಳಿದು ಓಡಿದ. ಊರಿನ ಅಂಗಡಿಗಳಲ್ಲಿದ್ದ ಪುರಿಯನ್ನೆಲ್ಲ ಬಾಚಿ ತಂದ. ತಟ್ಟೆ ತುಂಬಿತು, ಗೋಪುರವಾಯಿತು, ಗೋಪುರ ಕುಸಿದು ಪೂಜಾರಪ್ಪನ ಮೊಣಕಾಲು ಮುಚ್ಚಿತು. ಸುನಂದ ಇದ್ದಲ್ಲೇ ಇದ್ದಳು!

“ಅಯ್ಯೋ ದೇವುಡಾ!” ಅತ್ತೆ ಅಕ್ಕಯಮ್ಮ ಹಣೆ ಚಚ್ಚಿಕೊಂಡರು. “ಹರಕೆ ತೀರ್ದೇ ಹೋದ್ರೆ ಜ್ವರ ತಿರುಗಿ ಬಂದ್ಬಿಡುತ್ತೆ ಅಳಿಯಂದ್ರೇ!”

ಅಮರನಾಥನಿಗೆ ಆಸ್ಪತ್ರೆಯ ವರಾಂಡ ಕಣ್ಣಮುಂದೆ ಬಂತು. ಹೆದರಿಕೆ ಅಂದರೆ ಇದೇ. ಒಂದು ಕಡೆ ಆಂಜನೇಯ, ಇನ್ನೊಂದು ಕಡೆ ಸುನಂದ! ಆಗ ಮಗಳಿಗೆ ಹೇಳಿಕೊಟ್ಟ ಪಾಠ ತಟ್ಟನೆ ಹೊಳೆಯಿತು. ಚೀಲ ಒಂದೇ ಆದರೂ ಪುರಿ ಅಕ್ಕಿಯಷ್ಟು ತೂಗುವುದಿಲ್ಲ! ಹೆಂಡತಿಗೆ ಧೈರ್ಯ ಹೇಳೋಣವೆಂದು ಗುಡಿಯೆಲ್ಲ ಮೊಳಗುವಂತೆ ಕೂಗಿದ:

“ಹೆದರ್ಬೇಡ ಸುನಂದಾ! ಇದು ತೂಕದ ತೊಂದ್ರೆ ಅಲ್ಲ, ಗಾತ್ರದ್ದು!”

ಗುಡಿಯಲ್ಲಿದ್ದವರೆಲ್ಲ ಸುನಂದಳತ್ತ ತಿರುಗಿದರು.

“ಏನಂದ್ರಿ?” ಅಕ್ಕಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ನನ್ನ ಮಗಳ ಗಾತ್ರಕ್ಕೇನಾಗಿದೆ?”

“ಅವಳ ಗಾತ್ರ ಅಲ್ಲತ್ತೇ, ಪುರಿ ಗಾತ್ರ! ಪುಸ್ತಕದಲ್ಲಿದೆ... ಮೇಘನಾ, ಹೇಳಮ್ಮಾ!”

ಮೇಘನ ಜಾಣೆ. ಕಂಬದ ಹಿಂದೆ ಸರಿದುಬಿಟ್ಟಳು.

ಸುನಂದ ಮಾತ್ರ ಶಾಂತವಾಗಿದ್ದಳು. ಆ ಶಾಂತಿಗೇ ಅಮರನಾಥ್ ಹೆಚ್ಚು ಹೆದರಿದ.

“ಪೂಜಾರಪ್ಪನೋರೇ, ಆ ಪುರಿ ಇಳಿಸ್ಬಿಡಿ. ಇವರನ್ನ ಕೂರಿಸಿ.”

“ಯಾರನ್ನ, ನನ್ನನ್ನಾ?”

“ಹರಕೆ ಹೊತ್ತೋರು ನೀವೇ ತಾನೇ? ಕೂತ್ಕೊಳ್ಳಿ!”

ಆಂಜನೇಯನಿಗೆ ಕೈಮುಗಿದು ಕೂತ. ದಢಾರ್! ಅವನ ತಟ್ಟೆ ನೆಲಕ್ಕೆ ಅಪ್ಪಳಿಸಿತು. ಸುನಂದ ರಾಣಿಯಂತೆ ಮೇಲೇರಿದಳು. ಜನ ಚಪ್ಪಾಳೆ ತಟ್ಟಿದರು. ಪೂಜಾರಪ್ಪ ಮಂಗಳಾರತಿ ಎತ್ತಿ, “ಹರಕೆ ತೀರ್ತಮ್ಮಾ” ಎಂದರು. ಅಮರನಾಥನಿಗೆ ಹೋದ ಜೀವ ಬಂದಂತಾಯಿತು. ಇನ್ನು ಜ್ವರ ಬರುವುದಿಲ್ಲ. ಕಣ್ಣೊರೆಸಿಕೊಂಡು ಏಳಹೊರಟ.

ಪೂಜಾರಪ್ಪ ಹೆಗಲು ಒತ್ತಿ ಕೂರಿಸಿದರು. “ಎಲ್ಲಿಗೆ ಸ್ವಾಮೀ? ತಟ್ಟೆಗೆ ಬಿದ್ದದ್ದು ದೇವರ ಪಾಲು. ಬಿಡಿಸ್ಕೋಬೇಕಾದ್ರೆ ನಿಮ್ಮ ತೂಕದಷ್ಟು ಪ್ರಸಾದ ಒಪ್ಪಿಸ್ಬೇಕು.”

ಅಮರನಾಥ್ ಗಾಬರಿಯಿಂದ ಹೆಂಡತಿಯತ್ತ ನೋಡಿದ. “ಸುನಂದಾ, ಬೇಗ ಬೆಲ್ಲ ತರಿಸೇ!”

“ಬೆಲ್ಲ ಯಾಕ್ರೀ, ಹೊರೋರ್ಯಾರು?” ಸುನಂದ ಸೆರಗು ಕೊಡವಿಕೊಂಡು ಮೆಟ್ಟಿಲ ಕಡೆ ನಡೆದಳು. “ಪುರಿ ತೂಗಿಸ್ಕೊಳ್ಳಿ. ಮೂರು ಮೂಟೆ ಸಾಕು, ಮಿಕ್ಕುತ್ತೆ!”