ಕೊನೇ ರೀಲು ಬರೋವರೆಗೆ

ಟೆಂಟ್ ಸಿನಿಮಾದಲ್ಲಿ ಆಪರೇಟರ್ ಆಗಿದ್ದವನಿಗೆ ತೆರೆ ಮೇಲಿನ ಕಥೆ ನೆನಪಿರೋಲ್ಲ, ಕೆಳಗೆ ನಡೆದದ್ದೇ ನೆನಪಿರುತ್ತೆ. ಎಪ್ಪತ್ತರ ದಶಕದಲ್ಲಿ ನಾನು ಯಲ್ದೂರಿನ ಟೆಂಟಿನಲ್ಲಿದ್ದಾಗ ಅಂಥವು ವಾರಕ್ಕೊಂದಾದರೂ ಆಗ್ತಿದ್ದವು.

೧. ಗ್ಯಾರಂಟಿ

ಒಂದು ಸಲ ಡೈವೋರ್ಸಿನ ತಮಾಷೆ ಚಿತ್ರ ಬಂತು. ಗಂಡ ಹೆಂಡತಿ ಬೇರೆಯಾಗಿ, ಮತ್ತೆ ಹೊಸದಾಗಿ ಪ್ರೀತಿಸೋ ಕಥೆ. ನಮ್ಮಲ್ಲೂ ಅಂಥ ಒಂದು ಜೋಡಿ ಇತ್ತು. ಹೆಂಗಸರ ಕಡೆ ಟಿಕೆಟ್ ಕೊಡುವವಳು ಹೆಂಡತಿ, ಗೇಟಿನಲ್ಲಿ ಅದನ್ನ ಹರಿದು ಒಳಗೆ ಬಿಡುವವನು ಗಂಡ. ಅವನು ಅವಳ ಅಣ್ಣನ ಮುಂದೆ ಅವಳನ್ನ ಬೈದಿದ್ದ. ಅವಳು ಮೇಲಿನ ಬೀದಿಯ ಅಣ್ಣನ ಮನೆ ಸೇರಿ ಆರು ತಿಂಗಳಾಗಿತ್ತು, ಮಾತಿಲ್ಲ. ಸೋಮವಾರ ಕೋಲಾರದ ಕೋರ್ಟಿನಲ್ಲಿ ಕೇಸು, ಅವತ್ತೇ ತೀರ್ಮಾನ ಅಂತ ವಕೀಲರು ಹೇಳಿದ್ದರು.

ಶನಿವಾರ ಒಬ್ಬ ಅಜ್ಜಿ ಟಿಕೆಟ್ ಹಿಡಿದು ಕೇಳಿದಳು, "ಏಮಮ್ಮಾ, ಕೊನೆಗೆ ಒಂದಾಗ್ತಾರಾ? ಇಲ್ಲಾಂದ್ರೆ ನಂಗೆ ಬೇಡ."

"ಆ ಗ್ಯಾರಂಟಿ ನಮ್ಮ ಹತ್ರ ಇಲ್ಲಜ್ಜಿ," ಅಂದಳು ಇವಳು, ಗೇಟಿನ ಕಡೆ ನೋಡ್ತಾ.

೨. ಉಳಿದ ಅರ್ಧ

ಆಗ ಒಂದೇ ಪ್ರಿಂಟನ್ನ ಎರಡು ಊರಲ್ಲಿ ಓಡಿಸ್ತಿದ್ದೆವು. ಶ್ರೀನಿವಾಸಪುರದಲ್ಲಿ ಮುಗಿದ ರೀಲು ಸೈಕಲ್ಲಿನಲ್ಲಿ ನಮಗೆ ಬರಬೇಕು. ಆ ಶನಿವಾರ ಸೈಕಲ್ ಪಂಕ್ಚರು. ಇಂಟರ್ವಲ್ ಮುಗೀತು, ತೆರೆ ಮಾತ್ರ ಬೆಳ್ಳಗೆ ನಿಂತಿತ್ತು. ಜನ ಗಲಾಟೆ ಶುರು ಮಾಡಿದರು. ಮಾಲೀಕರು ಗಾಬರಿಯಲ್ಲಿ ಗೇಟಿನವನ ಕೈಗೆ ಮೈಕು ಕೊಟ್ಟು, "ಉಳಿದ ಕಥೆ ಹೇಳು, ಏನಾದ್ರೂ ಹೇಳು" ಅಂದರು. ಪಾಪ, ಗೇಟಿನಲ್ಲೇ ನಿಲ್ಲೋ ಅವನಿಗೇನು ಗೊತ್ತು!

"ಆಮೇಲೆ... ಹೀರೋಯಿನ್ ಟ್ರಂಕು ಹೊತ್ಕೊಂಡು ಮೇಲಿನ ಬೀದಿ ಅಣ್ಣನ ಮನೆಯಿಂದ ವಾಪಸ್ ಬರ್ತಾಳೆ."

"ಲೇ, ಅವಳು ಒಬ್ಬಳೇ ಮಗಳು ಕಣೋ! ಅಣ್ಣ ಎಲ್ಲಿಂದ ಬಂದ?" ಅಂತ ಜನರ ಮಧ್ಯೆಯಿಂದ ಯಾರೋ ಕೂಗಿದ.

ಅಷ್ಟರಲ್ಲಿ ಟಿಕೆಟ್ಟಿನವಳು ಒಳಗೆ ನುಗ್ಗಿದಳು. "ಯಾಕೆ ಬರಬೇಕು? ಅಣ್ಣನ ಮುಂದೆ ಬೈದೋರು ಅಣ್ಣನ ಮುಂದೇನೇ ಬಂದು ಕರೀಲಿ!"

"ಬಂದಿದ್ದೆ. ಬಾಗಿಲು ಹಾಕ್ಕೊಂಡೆ ನೀನು."

"ಹಾಕಿದ್ದು ನಮ್ಮಣ್ಣ. ನಾನು ಕಿಟಕೀಲಿ ನಿಂತು ಅಳ್ತಿದ್ದೆ, ನೀವು ತಿರುಗಿ ನೋಡ್ಲೇ ಇಲ್ಲ."

ಅವನು ಮೈಕು ಕೆಳಗಿಳಿಸಿದ. ಆಗಲೇ ಸೈಕಲ್ಲಿನವನು ರೀಲಿನ ಡಬ್ಬ ಹೊತ್ತು ಬೆವರು ಸುರಿಸ್ಕೊಂಡು ಬಂದ. ಆ ಅಜ್ಜಿ ಹೆಂಗಸರ ಕಡೆಯಿಂದ ಗದರಿದಳು, "ಡಬ್ಬ ಅಲ್ಲೇ ಇಡಪ್ಪಾ! ಮೊದಲು ಇದು ಮುಗೀಲಿ."

೩. ಸೋಮವಾರ

ಮುಗೀಲಿಲ್ಲ. ಇಬ್ಬರೂ ತಂತಮ್ಮ ಜಾಗಕ್ಕೆ ಹೋದರು, ನಾನು ರೀಲು ಹಾಕಿದೆ. ಸೋಮವಾರ ಬೆಳಿಗ್ಗೆ ಇಬ್ಬರೂ ಕೋಲಾರದ ಬಸ್ಸು ಹತ್ತಿದರು. ಮಾಲೀಕರು ಇಬ್ಬರ ಬದಲಿಗೂ ಜನ ಹುಡುಕೋಕೆ ಹೊರಟರು.

ಸಂಜೆ ಇಬ್ಬರೂ ಮೇಲಿನ ಬೀದಿ ಅಣ್ಣನ ಮನೆ ಕಡೆಯಿಂದ ಒಟ್ಟಿಗೆ ಬಂದರು. ಅವನ ತಲೆ ಮೇಲೆ ಅವಳ ಟ್ರಂಕು.

"ಕೋರ್ಟು?" ಅಂದೆ.

"ಹೋಗ್ಲಿಲ್ಲಣ್ಣ," ಅಂದಳು ಅವಳು. "ಕೋಲಾರದ ಟಾಕೀಸಲ್ಲೂ ಅದೇ ಪಿಕ್ಚರ್ ಓಡ್ತಿತ್ತು. ಕೊನೆ ಏನಾಗುತ್ತೋ ನೋಡೋಣ ಅಂತ ಒಳಗೆ ಹೋದ್ವಿ."

"ಏನಾಯ್ತಮ್ಮ ಕೊನೆಗೆ?"

"ಎಲ್ಲಿ ನೋಡಿದ್ವಿ? ಆರು ತಿಂಗಳ ಮಾತು ಬಾಕಿ ಇತ್ತಲ್ಲ. ಗಲಾಟೆ ಮಾಡ್ತೀರಾ ಅಂತ ಇಂಟರ್ವಲ್ಲಿಗೆ ಮುಂಚೇನೇ ಅಲ್ಲಿನ ಗೇಟಿನವನು ಇಬ್ರನ್ನೂ ಹೊರಗೆ ಹಾಕಿದ!"