ಮಾವನ ನೂರು ಮಾರು

ನನ್ನ ಸೋದರಮಾವನ ಹತ್ತಿರ ಅಳತೆಪಟ್ಟಿ ಇರಲಿಲ್ಲ, ಏಕೆಂದರೆ ಅವನೇ ಒಂದು ಅಳತೆಪಟ್ಟಿ! ಎರಡೂ ತೋಳು ಚಾಚಿದರೆ ಒಂದು ಮಾರು. ಆ ತೋಳುಗಳೋ, ಊರಿನವರ ತೋಳಿಗಿಂತ ಗೇಣುದ್ದ ಜಾಸ್ತಿ. ನನ್ನ ಮದುವೆಗೆ ಮಂಚ ಮಾಡಿಸಿದ್ದೂ ಅದೇ ಅಳತೆಯಲ್ಲಿ. ಚಿತ್ತವಾಡ್ಗಿಯ ನಮ್ಮ ಮನೆಯ ಬಾಗಿಲಲ್ಲಿ ಅದು ಹಿಡಿಸಲಿಲ್ಲ. "ಮಂಚ ಸರಿ ಐತಿ, ಬಾಗಲಾ ಸಣ್ಣದೈತಿ" ಎಂದ ಮಾವ. ನಾವು ಚಾಪೆಯ ಮೇಲೇ ಸಂಸಾರ ಹೂಡಿದೆವು.

ಇಂಥವನು ಸಂಡೂರಿನ ಗಣಿಯಲ್ಲಿ ಮದ್ದು ಸಿಡಿಸುವ ಮೇಸ್ತ್ರಿ! ನಾನು ಅಲ್ಲೇ ಗುಮಾಸ್ತ. ನಮ್ಮ ಸಾಹೇಬರು ಇಂಗ್ಲೆಂಡಿನವರಲ್ಲ, ಮೀಟರಿನ ದೇಶದವರು. ತಪಾಸಣೆಗೆ ಬರುವ ಮದ್ರಾಸಿನ ಅಧಿಕಾರಿಗೋ ಅಡಿಯೇ ಆಗಬೇಕು. ನಾನು ಮೆಟ್ರಿಕ್ ಪಾಸು, ಆದ್ದರಿಂದ ಮೆಟ್ರಿಕ್ ಅಳತೆ ಬಲ್ಲವನೆಂದು ಸಾಹೇಬರು ತಿಳಿದರು. ನಾನೂ ಹಾಗೇ ತಿಳಿದೆನಲ್ಲ, ಅದಕ್ಕೇನು ಹೇಳೋಣ!

ಮದ್ದು ಸಿಡಿಯುವಾಗ ನೂರು ಮೀಟರ್ ದೂರ ನಿಲ್ಲಬೇಕೆಂಬುದು ನಿಯಮ. ಅದನ್ನು ಮುನ್ನೂರಿಪ್ಪತ್ತೆಂಟು ಅಡಿ ಮಾಡಿ, ಇನ್ನೂ ಒಂದು ಇಂಚು ಉಳಿಯಿತಲ್ಲ ಎಂದು ಮಧ್ಯಾಹ್ನವಿಡೀ ಒದ್ದಾಡಿದ ಪಂಡಿತ ನಾನು.

"ಎಷ್ಟಾತಲೇ?" ಎಂದು ಮಾವ ಬಂದ.

"ನೂರು ಮೀಟರು."

"ನೂರು ಮಾರಾ? ಆತು ಬಿಡು."

ತೋಳು ಚಾಚುತ್ತ ಅಳೆದೇಬಿಟ್ಟ. ಗೂಟ ನೆಟ್ಟದ್ದು ಎರಡರಷ್ಟು ದೂರದಲ್ಲಿ! "ಇನ್ನೊಂದು ಮಾರು ಹೋದ್ರ ಹೊಸಪ್ಯಾಟಿನ ಬರತೈತ್ರೀ ಮೇಸ್ತ್ರಿ!" ಎಂದು ಅದಿರು ಹೊರುವ ಹೆಂಗಸರು ನಗುತ್ತಿದ್ದರು. ನನಗೆ ನನ್ನ ಲೆಕ್ಕದ ಮರ್ಯಾದೆಯ ಚಿಂತೆ. ಒಂದು ದಿನ ನನ್ನ ಅಡಿಗಳು ಮುಗಿಯುವಲ್ಲೇ ಕುರ್ಚಿ ಹಾಕಿಸಿ ಕುಳಿತೆ, ಛತ್ರಿ ಸಮೇತ!

ಮಾವ ಬತ್ತಿ ಹಚ್ಚಲಿಲ್ಲ. ಓಡಿ ಬಂದು ನನ್ನ ರಟ್ಟೆ ಹಿಡಿದು ದರದರ ಎಳೆದೊಯ್ದು ತನ್ನ ಗೂಟದಾಚೆ ನಿಲ್ಲಿಸಿದ. ಮತ್ತೆ ಹೋಗಿ ಬತ್ತಿ ಹಚ್ಚಿ, ಏದುಸಿರು ಬಿಡುತ್ತ ಬಂದು ಪಕ್ಕಕ್ಕೆ ನಿಂತ. ಮದ್ದು ಸಿಡಿಯಿತು. ಕುಂಬಳಕಾಯಿಯಷ್ಟು ದೊಡ್ಡ ಕಲ್ಲೊಂದು ಹಾರಿಬಂದು ನನ್ನ ಕುರ್ಚಿಯನ್ನು ಪುಡಿ ಮಾಡಿತು.

ಆದರೂ ಗುಮಾಸ್ತನ ಚಟ ಬಿಡುತ್ತದೆಯೇ? "ಮಾವಾ, ಮೀಟರು ಬ್ಯಾರೆ, ಮಾರು ಬ್ಯಾರೆ" ಎಂದೆ.

"ಗೊತ್ತೈತಿ ಬಿಡಲೇ. ಸಾಹೇಬರ ಮೀಟರ್ ಕೋಲು ನಾನೂ ನೋಡೀನಿ. ನಿಮ್ಮವ್ವ ನನ್ನ ತಂಗಿ. ನಾಳೆ ಆಕಿ ಮುಂದ ನಿಂತು ನಾ ಯಾವ ಮೀಟರಿನ ಲೆಕ್ಕ ಹೇಳ್ಲಿ?"

ಎರಡೂ ತೋಳು ಚಾಚಿದ. ಮತ್ತೇನೋ ಅಳೆಯಲಿಕ್ಕೆ ಹೊರಟನೆಂದು ನಾನು ತಿಳಿದೆ. ಆ ಒಂದು ಮಾರಿನೊಳಗೆ ನಾನು ಪೂರ್ತಿ ಹಿಡಿಸಿದೆ.