ಮಾವನ ಮೀನಿಗೆ ಮಾತ್ರೆ

ನನ್ನ ಸೋದರಮಾವನ ಮೀನುಗಳು ನಮ್ಮ ಬೀದಿಯವರೆಲ್ಲ ಸೇರಿ ನುಂಗಿದ್ದಕ್ಕಿಂತ ಹೆಚ್ಚು ಮಾತ್ರೆ ನುಂಗಿದ್ದವು ಅಂದರೆ ನೀವು ನಂಬಲಿಕ್ಕಿಲ್ಲ. ನಂಬಿ! ಎಷ್ಟೋ ಭಾನುವಾರ ಆ ಮಾತ್ರೆಗಳ ಪುಡಿಯನ್ನು ಕಡ್ಲೆಕಾಯಿ ಹಿಂಡಿಗೆ ಕಲಸಿದವನು ನಾನೇ.

ಎಂಬತ್ತರ ದಶಕದ ಮಾತು. ಮಾವ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಊರಾಚೆ ಶ್ರೀಗಂಧದ ಕಾವಲಿನಲ್ಲಿದ್ದ ತುಂಡು ಜಮೀನಲ್ಲಿ ಮನೆ ಏಳುತ್ತೆ ಅಂತ ಅತ್ತೆ ಕಾದಿದ್ದರೆ, ಇವರು ಅಲ್ಲಿ ಹೊಂಡ ತೋಡಿಸಿ ಕಾಟ್ಲಾ ಮೀನಿನ ಮರಿ ಬಿಟ್ಟರು. ನೂರು ಹಿಡಿಸುವ ಕಡೆ ಮುನ್ನೂರು. ಮಾಗಡಿ ರೋಡಿನ ಬೆಳಗಿನ ಬಸ್ಸೇ ವಾಸಿ!

ಮೀನು ಬಾಯಿ ಜಾಸ್ತಿ ತೆರೆದರೆ ನೆಗಡಿ, ಕಡಿಮೆ ತೆರೆದರೆ ಜ್ವರ. ಎರಡಕ್ಕೂ ಟೆಟ್ರಾಸೈಕ್ಲಿನ್. ಮನೆಯಲ್ಲಿ ಎಷ್ಟು ಜನಕ್ಕೆ ಹುಷಾರಿಲ್ಲ ಅಂತ ಮೆಡಿಕಲ್ ಶಾಪಿನವರು ಕೇಳಿದ್ದಕ್ಕೆ ಮಾವ ಮುನ್ನೂರು ಅಂದರಂತೆ. ಅವರು ಇಡೀ ಡಬ್ಬವನ್ನೇ ಎತ್ತಿ ಕೊಟ್ಟರು.

ಮುಂದಿನ ಬೇಸಿಗೆಗೆ ಮೀನುಗಳ ಮೈಮೇಲೆ ಕೆಂಪು ಹುಣ್ಣು ಎದ್ದವು. ಮಾವ ಮಾತ್ರೆ ದುಪ್ಪಟ್ಟು ಮಾಡಿದರು. ಮೀನುಗಳು ಶ್ರದ್ಧೆಯಿಂದ ತಿಂದು ಒಂದೊಂದಾಗಿ ಸತ್ತವು. ಮೀನುಗಾರಿಕೆ ಇಲಾಖೆಯವರೊಬ್ಬರು ಬಂದು, ದಿನಾ ಔಷಧಿ ಕೊಟ್ಟು ರೋಗಾಣುಗಳಿಗೇ ಅದನ್ನು ಅಭ್ಯಾಸ ಮಾಡಿಸಿದ್ದೀರಿ, ಇನ್ನು ನಾಟುವುದಿಲ್ಲ, ಮೀನು ಕಡಿಮೆ ಮಾಡಿ ನೀರು ಬದಲಾಯಿಸಿ ಅಂದರು. ತಮ್ಮ ಹೊಂಡ ಕಂಡು ಅವರಿಗೆ ಹೊಟ್ಟೆಕಿಚ್ಚು ಅಂತ ಮಾವ ತೀರ್ಮಾನಿಸಿದರು.

ಸತ್ತ ಮೀನು ಎತ್ತುವಾಗ ಅದರ ಮುಳ್ಳು ಮಾವನ ಬಲ ಅಂಗೈಗೆ ಚುಚ್ಚಿತು. ಮೂರು ದಿನಕ್ಕೆ ಕೈ ಬದನೆಕಾಯಿ. ಮಾವ ಅದೇ ಮಾತ್ರೆ ನುಂಗಿದರು, ಊತ ಇಳಿಯಲಿಲ್ಲ. ಇದನ್ನು ಮೊದಲು ತುಂಬ ತಗೊಂಡಿದ್ದೀರಾ ಅಂತ ಡಾಕ್ಟರು ಕೇಳಿದರು.

"ನಾನಲ್ಲ ಸಾರ್, ನಮ್ಮ ಮೀನು."

ಡಾಕ್ಟರು ನಕ್ಕರು. ಗಾಯ ಬಿಚ್ಚಿ ನೋಡಿದ ಮೇಲೆ ನಗಲಿಲ್ಲ. ಬೇರೆ ಇಂಜೆಕ್ಷನ್, ಹತ್ತು ದಿನ ಆಸ್ಪತ್ರೆ. ಬೆರಳು ಉಳಿದಿದ್ದೇ ಹೆಚ್ಚು.

ವಾರ್ಡಿನ ಹೊರಗೆ ನಾನು ಮಾವನ ಆ ಉತ್ತರವನ್ನೇ ಹೇಳಿ ನಗುತ್ತಿದ್ದಾಗ ಅತ್ತೆ ತಡೆದರು.

"ನಗಬೇಡ ಕಣೋ. ನಮ್ಮ ಮಗೂಗೆ ಜ್ವರ ಬಂದಾಗ, ನಿಮ್ಮ ಮಾವ ನಾಳೆವರೆಗೂ ನೋಡೋಣ ಅಂದಿದ್ರು. ಬೆಳಗಾಗೋದ್ರಲ್ಲಿ ಮಗು ಇರಲಿಲ್ಲ. ಅವತ್ತಿಂದ ಯಾವುದಕ್ಕೂ ಕಾದಿಲ್ಲ."

ಅವರಿಗೊಂದು ಮಗುವಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಮಾವ ಮನೆಗೆ ಬಂದ ಮೊದಲ ಭಾನುವಾರ ಮೂವರೂ ಹೊಂಡದ ಹತ್ತಿರ ಹೋದೆವು. ನಾನು ನೀರು ಬದಲಾಯಿಸಿದ್ದೆ. ಉಳಿದಿದ್ದು ನಲವತ್ತೋ ಐವತ್ತೋ ಮೀನು. ಅದರಲ್ಲೊಂದು ಯಾಕೋ ಮಂಕಾಗಿ ಮೇಲೇ ತೇಲುತ್ತಿತ್ತು. ಮಾವನ ಎಡಗೈ ಮಾತ್ರೆಯಿದ್ದ ಜೇಬಿಗೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇದ್ದು ಬರಿದಾಗಿ ಹೊರಬಂತು.

"ನಾಳೆವರೆಗೂ ನೋಡೋಣ," ಅಂದರು.

ಅತ್ತೆ ಆ ಕೈ ಹಿಡಿದುಕೊಂಡು ದಡದ ಮೇಲೆ ಅವರ ಪಕ್ಕ ಕೂತರು.